ಐದು ಗಂಟೆಗೆ ಬಂದ ಕೂಲಿ

ನನ್ನ ಫೋನಲ್ಲಿ ಅರ್ಧಕ್ಕೆ ನಿಂತ ಒಂದು ಕೋರ್ಸ್ ಇದೆ. ಮೂರು ವರ್ಷದ ಹಿಂದೆ ದುಡ್ಡು ಕಟ್ಟಿ ಸೇರಿದ್ದೆ. ದಿನಾ ಅರ್ಧ ಗಂಟೆ ಅಂತ 41 ದಿನ ಒಂದೂ ತಪ್ಪಿಸಲಿಲ್ಲ. 42ನೇ ದಿನ ಆಫೀಸಲ್ಲಿ ರಿಲೀಸ್ ಇತ್ತು, ಮನೆ ಸೇರಿದ್ದು ರಾತ್ರಿ ಎರಡಕ್ಕೆ. ಮಾರನೇ ದಿನ ಆ್ಯಪ್ ತೆರೆದರೆ ಲೆಕ್ಕ ಸೊನ್ನೆಗೆ ಬಂದಿತ್ತು. ಆಮೇಲೆ ನಾನು ಅದನ್ನು ಮುಟ್ಟಲೇ ಇಲ್ಲ. ನಿಮ್ಮ ಫೋನಲ್ಲೂ ಇಂಥದ್ದೊಂದು ಇರಬಹುದು.

ಇದು ಮತ್ತೆ ನೆನಪಾಗಿದ್ದು ಕಳೆದ ತಿಂಗಳು, ಶಿಡ್ಲಘಟ್ಟದಲ್ಲಿರುವ ದೊಡ್ಡಮ್ಮನ ಮನೆಗೆ ಹೋದಾಗ.

ದೊಡ್ಡಮ್ಮನಿಗೆ ಈಗ 66. ಶಿಡ್ಲಘಟ್ಟ ಅಂದರೆ ರೇಷ್ಮೆ ಗೂಡು ಅಂತ ನಿಮಗೆ ಗೊತ್ತೇ ಇದೆ. ಬಿಸಿನೀರಲ್ಲಿ ಕೈಯಿಟ್ಟು ನೂಲು ಬಿಚ್ಚುತ್ತಲೇ ಅವರ ಅರ್ಧ ಆಯಸ್ಸು ಕಳೆದಿದೆ. ಸ್ಕೂಲು ನೋಡಿದ್ದು ಒಂದನೇ ಕ್ಲಾಸಿನವರೆಗೆ ಮಾತ್ರ. ನಮ್ಮ ಚಿಂತಾಮಣಿ, ಗೌರಿಬಿದನೂರು ಕಡೆಯ ಎಷ್ಟೋ ಮನೆಗಳ ಹಾಗೆ ಅವರ ಮನೆಮಾತೂ ತೆಲುಗು. ಪ್ರಾರ್ಥನೆ ಮಾಡುವುದು ತೆಲುಗಲ್ಲಿ, ಚರ್ಚಲ್ಲಿ ಕೇಳುವುದು ಕನ್ನಡ.

ದಿನಾ ಸಂಜೆ ದೊಡ್ಡಪ್ಪ ಸತ್ಯವೇದ ಓದುತ್ತಿದ್ದರು, ಇವರು ಪಕ್ಕದಲ್ಲಿ ಕೂತು ಕೇಳುತ್ತಿದ್ದರು. ಎರಡು ವರ್ಷದ ಹಿಂದೆ ದೊಡ್ಡಪ್ಪ ತೀರಿಕೊಂಡರು. ಪುಸ್ತಕ ಮನೆಯಲ್ಲೇ ಉಳಿಯಿತು, ಓದುವವರು ಇರಲಿಲ್ಲ. ಆಗ ದೊಡ್ಡಮ್ಮ ನಾಲ್ಕನೇ ಕ್ಲಾಸಿನ ಮೊಮ್ಮಗಳನ್ನು ಕೂರಿಸಿಕೊಂಡು ‘ಅ, ಆ’ ಶುರು ಮಾಡಿದರು. ಗುರಿ ಒಂದೇ: ನಾಲ್ಕು ಸುವಾರ್ತೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಮಾರ್ಕನ ಸುವಾರ್ತೆಯನ್ನು, ಅದರ 16 ಅಧ್ಯಾಯಗಳನ್ನೂ, ತಾವೇ ಓದಬೇಕು. ಅಕ್ಷರ ಕೂಡಿಸುವುದಕ್ಕೇ ಒಂದು ವರ್ಷ ಹಿಡಿಯಿತು. ಆಮೇಲೆ ದಿನಕ್ಕೆ ಮೂರು ವಚನ, ದೀಪ ಹಚ್ಚುವ ಹೊತ್ತಿಗೆ.

ಅಷ್ಟರಲ್ಲಿ ಒಂದು ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ಇನ್ನೊಂದು ಕಣ್ಣನ್ನು ಶುಗರ್ ತಿನ್ನುತ್ತಿದೆ, ಅದು ಎಷ್ಟು ದಿನ ಇರುತ್ತೋ ಹೇಳಕ್ಕಾಗಲ್ಲ ಅಂದರು ಡಾಕ್ಟರು. ಮೂರು ವಾರ ಪುಸ್ತಕ ಮುಟ್ಟುವ ಹಾಗಿರಲಿಲ್ಲ. 22ನೇ ದಿನ ಸಂಜೆ ಮತ್ತೆ ಪುಸ್ತಕ ಹಿಡಿದು ಕೂತರು.

ನಾನು ಕೇಳಿದೆ, “ದೊಡ್ಡಮ್ಮ, ಮೂರು ವಾರ ತಪ್ಪೋಯ್ತಲ್ಲ, ಬೇಜಾರಾಗ್ಲಿಲ್ವಾ?”

“ಬೇಜಾರ್ ಯಾಕಪ್ಪ? ತಪ್ಪಿದ ದಿನಾನ ದೇವರು ಲೆಕ್ಕ ಇಟ್ಕೊಂಡು ಕೂತಿರ್ತಾನಾ? ಎಲ್ಲಿ ನಿಲ್ಸಿದ್ನೋ ಅಲ್ಲಿ ಪೆನ್ಸಿಲಲ್ಲಿ ಗೆರೆ ಎಳ್ದಿದ್ದೆ. ಅಲ್ಲಿಂದ ಓದ್ದೆ.”

ಆಮೇಲೆ ಅವರೇ ದ್ರಾಕ್ಷಿ ತೋಟದ ಸಾಮತಿ ಎತ್ತಿದರು. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಬರುವ ಕಥೆ ಅದು. ಯಜಮಾನ ಬೆಳಗಿನ ಜಾವ ಕೂಲಿಯವರನ್ನು ಕರೆತರುತ್ತಾನೆ, ನಡುವೆ ಇನ್ನಷ್ಟು ಜನರನ್ನು ಕರೆತರುತ್ತಾನೆ, ಸಂಜೆ ಐದಕ್ಕೂ ಕೆಲವರನ್ನು ಕರೆಯುತ್ತಾನೆ. ಕೊನೆಗೆ ಎಲ್ಲರಿಗೂ ಕೊಡುವುದು ಒಂದೇ ಕೂಲಿ. ಚಿಕ್ಕಬಳ್ಳಾಪುರದ ಸುತ್ತ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋದವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. “ನಾನು ಐದು ಗಂಟೆಗೆ ಬಂದ ಕೂಲಿ ಕಣಪ್ಪ. ತಡವಾಯ್ತು ಅಂತ ಅಳ್ತಾ ಕೂತ್ರೆ ಇರೋ ಒಂದು ಗಂಟೇನೂ ಹೋಗುತ್ತೆ,” ಅಂದರು.

ವಾಪಸ್ ಬರುವಾಗ ಬಸ್ಸಲ್ಲಿ ಕಿಟ್ಟೆಲ್ ನೆನಪಾದರು. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್, 1853ರಲ್ಲಿ ಜರ್ಮನಿಯಿಂದ ನಮ್ಮ ನಾಡಿಗೆ ಬಂದಾಗ 21ರ ಹುಡುಗ. 1877ರಲ್ಲಿ ಊರಿಗೆ ವಾಪಸಾದರು. ನಿಘಂಟು ಮುಗಿದಿರಲಿಲ್ಲ. ಅಲ್ಲೇ ಬಿಟ್ಟಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೆ 1883ರಲ್ಲಿ, 50 ದಾಟಿದ ಮೇಲೆ, ಅದನ್ನು ಮುಗಿಸಲು ಮತ್ತೆ ಹಡಗು ಹತ್ತಿದರು. ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಅವರಿಗೆ 62. ಕನ್ನಡ ವ್ಯಾಕರಣದ ಪುಸ್ತಕ ಬಂದದ್ದು 1903ರಲ್ಲಿ, ಅವರು ತೀರಿಕೊಂಡ ವರ್ಷವೇ.

ದೊಡ್ಡಮ್ಮನನ್ನು ಕಿಟ್ಟೆಲ್‌ಗೆ ಹೋಲಿಸುತ್ತಿಲ್ಲ. ಇಬ್ಬರ ದಾರಿಯಲ್ಲೂ ನಡುವೆ ಒಂದು ಖಾಲಿ ಜಾಗ ಇತ್ತು ಅನ್ನುವುದಷ್ಟೇ ನನಗೆ ಮುಖ್ಯ ಅನಿಸಿತು. ಒಬ್ಬರಿಗೆ ಆರು ವರ್ಷ, ಇನ್ನೊಬ್ಬರಿಗೆ ಮೂರು ವಾರ. ಇಬ್ಬರೂ ವಾಪಸ್ ಬಂದರು.

ಛಲ ಅಂದರೆ ಒಂದು ದಿನವೂ ತಪ್ಪದಿರುವುದು ಅಂತ ನಾನು ತಿಳಿದಿದ್ದೆ. ಅದಕ್ಕೇ ಒಂದು ದಿನ ತಪ್ಪಿದ್ದಕ್ಕೆ ಎಲ್ಲ ಬಿಟ್ಟೆ. ವಯಸ್ಸಾದವರಿಗೆ ಆ ಲೆಕ್ಕ ನಡೆಯೋದೇ ಇಲ್ಲ. ಇವತ್ತು ಮಂಡಿ, ನಾಳೆ ಕಣ್ಣು, ನಾಡಿದ್ದು ಯಾರದೋ ಸಾವಿನ ಮನೆ. ಅವರ ದಿನಗಳು ತಪ್ಪೇ ತಪ್ಪುತ್ತವೆ. ದೊಡ್ಡಮ್ಮನಿಗೆ ನಂಬಿಕೆ ಕೊಟ್ಟಿದ್ದು ಉಕ್ಕಿನಂಥ ಮನಸ್ಸನ್ನಲ್ಲ. ತಪ್ಪಿಸಿ ವಾಪಸ್ ಬಂದಾಗ ಯಾರೂ ಬೈಯಲ್ಲ ಅನ್ನುವ ಧೈರ್ಯವನ್ನ. ಕ್ರೈಸ್ತರು ಇದನ್ನು ಕೃಪೆ ಅನ್ನುತ್ತೇವೆ. ಹುಟ್ಟಿದಾಗಿಂದ ಚರ್ಚಲ್ಲಿ ಆ ಪದ ಕೇಳುತ್ತಿದ್ದೇನೆ, ನನ್ನ ಕೆಲಸಕ್ಕೆ ಒಮ್ಮೆಯೂ ಹಚ್ಚಿ ನೋಡಿರಲಿಲ್ಲ. ನಿಮ್ಮ ನಂಬಿಕೆ ಬೇರೆ ಇರಬಹುದು, ಇಲ್ಲದೆಯೂ ಇರಬಹುದು. ಆ ಪೆನ್ಸಿಲ್ ಗೆರೆ ಮಾತ್ರ ಯಾರು ಬೇಕಾದರೂ ಎಳೆಯಬಹುದು.

ಹೋದ ಭಾನುವಾರ ಪಾಸ್ಟರು ದೊಡ್ಡಮ್ಮನಿಗೆ ವೇದಪಾಠ ಓದಲು ಕೊಟ್ಟರು. ಹತ್ತು ವಚನಕ್ಕೆ ಎಂಟು ನಿಮಿಷ. ಎರಡು ಕಡೆ ತಡವರಿಸಿದರು, ಒತ್ತಕ್ಷರ ಬಂದಾಗ ನಿಂತರು. ಸಭೆಯಲ್ಲಿ ಒಬ್ಬರೂ ಅಲುಗಲಿಲ್ಲ. ಮಾರ್ಕನ 11ನೇ ಅಧ್ಯಾಯ ನಡೆಯುತ್ತಿದೆ, ಇನ್ನು ಐದು ಬಾಕಿ. ಕಣ್ಣು ಅಲ್ಲಿಯವರೆಗೆ ಇರುತ್ತಾ? ಕೇಳಿದರೆ, “ಇವತ್ತಿಂದು ಮೂರು ಓದಾಯ್ತಲ್ಲ” ಅಂತಾರೆ.

ನಾನು ಕೋರ್ಸ್ ಮತ್ತೆ ತೆರೆದಿದ್ದೇನೆ, ನಿಲ್ಲಿಸಿದ್ದ ಪಾಠದಿಂದಲೇ. ಲೆಕ್ಕ ಹೇಳುವ ನೋಟಿಫಿಕೇಷನ್ ಆಫ್ ಮಾಡಿದ್ದೇನೆ. ಈ ವಾರ ನಾಲ್ಕು ದಿನ ಆಯಿತು, ಮೂರು ದಿನ ಆಗಲಿಲ್ಲ. ನಾಳೆ ಕೂರುತ್ತೇನೆ.