ಬ್ರೇಕಿನ ಮಿದುಳು ಕೆಟ್ಟರೆ ದುರಸ್ತಿಯ ಹಕ್ಕು ಯಾರದು?

ಅಮೆರಿಕದ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿ ತಯಾರಾಗುವ ಷೆವರ್ಲೆ ಕಾರ್ವೆಟ್ ಎಂಬ ಕ್ರೀಡಾ ಕಾರಿನ ಐದನೆಯ ಪೀಳಿಗೆಗೆ ‘ಸಿ5’ ಎಂದು ಹೆಸರು. 1997ರಿಂದ 2004ರ ಮಾದರಿಯವರೆಗೆ ಬಂದ ಈ ಕಾರುಗಳು ಇಂದಿಗೂ ಓಡುತ್ತಿವೆ. ಎಂಜಿನ್ ಗಟ್ಟಿಯಾಗಿದೆ, ಬಿಡಿಭಾಗಗಳೂ ಬಹುಮಟ್ಟಿಗೆ ದೊರೆಯುತ್ತವೆ. ಆದರೆ ಒಂದು ಸಣ್ಣ ಪೆಟ್ಟಿಗೆ ಕೆಟ್ಟರೆ ಮಾಲೀಕರು ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ. ಅದು ಬ್ರೇಕ್ ನಿಯಂತ್ರಣ ಮಾಡ್ಯೂಲ್. ಕಂಪನಿ ಅದರ ಪೂರೈಕೆಯನ್ನು ನಿಲ್ಲಿಸಿದೆ.

ಸಾಗರದಾಚೆಯ ಶ್ರೀಮಂತರ ಗೊಂಬೆಯ ಕಥೆ ಗಡಿನಾಡಿನವರಿಗೇಕೆ ಎಂದು ಓದುಗರು ಕೇಳಬಹುದು. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೂ 125 ಸಿಸಿ ಮೀರಿದ ಹೊಸ ಬೈಕುಗಳಿಗೂ ಎಬಿಎಸ್ ಕಡ್ಡಾಯವಾಗಿದೆ. ಸತ್ಯಮಂಗಲದಿಂದ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ತಾಳವಾಡಿಗೆ ಬರುವ ಸಾಧಾರಣ ಕಾರಿನೊಳಗೂ ಈಗ ಅಂಥದೇ ಪೆಟ್ಟಿಗೆಯಿದೆ. ಇಂದು ಅದು ಹೊಸದು. ಇನ್ನು ಹತ್ತು ವರ್ಷಗಳಲ್ಲಿ ಅದೇ ಕಾರು ಎರಡನೆಯ ಅಥವಾ ಮೂರನೆಯ ಮಾಲೀಕನ ಕೈಗೆ, ನಮ್ಮಂಥವರ ಕೈಗೆ ಬಂದಿರುತ್ತದೆ.

ಪೆಟ್ಟಿಗೆಯ ಕೆಲಸವನ್ನು ಮೊದಲು ತಿಳಿಯೋಣ. ಪ್ರತಿ ಚಕ್ರದ ಬಳಿಯಿರುವ ಸಂವೇದಕ ಚಕ್ರದ ವೇಗವನ್ನು ತಿಳಿಸುತ್ತದೆ. ಬ್ರೇಕ್ ಒತ್ತಿದಾಗ ಒಂದು ಚಕ್ರ ಮಾತ್ರ ಥಟ್ಟನೆ ನಿಲ್ಲುವಂತೆ ಕಂಡರೆ, ಮಾಡ್ಯೂಲ್ ಕವಾಟಗಳನ್ನು ಸೆಕೆಂಡಿಗೆ ಹಲವು ಬಾರಿ ತೆರೆದು ಮುಚ್ಚಿ ಆ ಚಕ್ರದ ಮೇಲಿನ ಒತ್ತಡವನ್ನು ಹಿಡಿತದಲ್ಲಿಡುತ್ತದೆ. ಚಕ್ರ ಜಾರದಿದ್ದರೆ ಸ್ಟೀರಿಂಗ್ ಮಾತು ಕೇಳುತ್ತದೆ. ಮಾಡ್ಯೂಲ್ ಕೆಟ್ಟರೆ ಸಾಮಾನ್ಯವಾಗಿ ಮೂಲ ಬ್ರೇಕ್ ಉಳಿಯುತ್ತದೆ, ಹಳದಿ ದೀಪ ಹೊತ್ತಿಕೊಳ್ಳುತ್ತದೆ, ಕಾರು ಓಡುತ್ತಲೇ ಇರುತ್ತದೆ. ಅಪಾಯ ಇರುವುದು ಇಲ್ಲಿಯೇ. ‘ಬ್ರೇಕ್ ಹಿಡಿಯುತ್ತದಲ್ಲ’ ಎಂದು ದೀಪವನ್ನು ಕಡೆಗಣಿಸಿದವನಿಗೆ ಮಳೆಗಾಲದ ಇಳಿಜಾರಿನಲ್ಲಿ ಮಾತ್ರ ಕಳೆದುಕೊಂಡದ್ದೇನೆಂದು ಅರಿವಾಗುತ್ತದೆ.

ಹಾಗಾದರೆ ಗುಜರಿಯಿಂದ ಇನ್ನೊಂದನ್ನು ತಂದು ಜೋಡಿಸಬಾರದೇಕೆ? ಹೊಂದಾಣಿಕೆಯ ತೊಡಕು ಇರುವುದು ಇಲ್ಲಿ. ಜಾರುವ ಕಾರನ್ನು ಒಂದೊಂದೇ ಚಕ್ರದ ಬ್ರೇಕ್ ಹಿಡಿದು ದಾರಿಗೆ ತರುವ ‘ಆಕ್ಟಿವ್ ಹ್ಯಾಂಡ್ಲಿಂಗ್’ ವ್ಯವಸ್ಥೆ ಸಿ5ರಲ್ಲಿ 1998ರಲ್ಲಿ ಐಚ್ಛಿಕವಾಗಿ ಬಂತು, 2001ರಲ್ಲಿ ಎಲ್ಲ ಕಾರುಗಳಿಗೂ ಬಂತು. ಆದ್ದರಿಂದ 2000ದವರೆಗಿನ ಕಾರಿನ ಪೆಟ್ಟಿಗೆ ನಂತರದ ಕಾರಿಗೆ ಸಲ್ಲದು. 2000ಕ್ಕೆ ಹಿಂದಿನ ಎರಡು ಕಾರುಗಳು ಪಕ್ಕಪಕ್ಕದಲ್ಲಿ ನಿಂತಿದ್ದರೂ, ಒಂದಕ್ಕೆ ಆ ವ್ಯವಸ್ಥೆಯಿದ್ದು ಮತ್ತೊಂದಕ್ಕೆ ಇಲ್ಲದಿದ್ದರೆ ಅದಲು ಬದಲು ಮಾಡಲಾಗದು. ಶಾಲೆಯಲ್ಲಿ ನಾವು ಪರಿಷ್ಕೃತ ಪಠ್ಯಪುಸ್ತಕದ ವರ್ಷದಲ್ಲಿ ಪಡುವ ಪಾಡು ನೆನಪಾಗುತ್ತದೆ: ಅಣ್ಣನ ಹಳೆಯ ಪುಸ್ತಕ ತಂದ ಮಗುವಿನ ಕೈಯಲ್ಲಿರುವುದು ಅದೇ ಮುಖಪುಟ, ಒಳಗಿನ ಪಾಠ ಬೇರೆ. ಪುಸ್ತಕವಾದರೆ ಪಕ್ಕದ ಮಗುವಿನೊಡನೆ ಕೂರಿಸಬಹುದು.

ಹುಡುಕುವವರು ಕಾರಿನ ವರ್ಷವನ್ನಷ್ಟೇ ನಂಬಬಾರದು. ಪೆಟ್ಟಿಗೆಯ ಮೇಲೆ ಅಚ್ಚಾದ ಬಿಡಿಭಾಗದ ಸಂಖ್ಯೆ, ಅದಕ್ಕೆ ಬದಲಾಗಿ ಕಂಪನಿಯೇ ಸೂಚಿಸಿದ ಹೊಸ ಸಂಖ್ಯೆ, ಕಾರಿಗೆ ಅಂಟಿಸಿದ ಚೀಟಿಯಲ್ಲಿನ ಆಯ್ಕೆಯ ಸಂಕೇತ, ಇವು ಮೂರೂ ತಾಳೆಯಾಗಬೇಕು. ‘ಜೆಎಲ್4’ ಎಂದಿದ್ದರೆ ಆ ಕಾರಿನಲ್ಲಿ ಆಕ್ಟಿವ್ ಹ್ಯಾಂಡ್ಲಿಂಗ್ ಇದೆಯೆಂದು ಅರ್ಥ. ಇನ್ನೂ ಹೊಸ ಪೀಳಿಗೆಯ ಅನೇಕ ಕಾರುಗಳಲ್ಲಿ ಸಂಖ್ಯೆ ತಾಳೆಯಾದರೂ ಸಾಲದು. ಕಾರಿನ ಗುರುತಿನ ಸಂಖ್ಯೆಯನ್ನು ಪೆಟ್ಟಿಗೆಗೆ ಕಲಿಸಬೇಕು, ಸ್ಟೀರಿಂಗ್ ಕೋನದ ಸಂವೇದಕಕ್ಕೆ ‘ನೇರ’ವೆಂದರೆ ಯಾವುದೆಂದು ತಿಳಿಸಬೇಕು. ಅದಕ್ಕೆ ಬೇಕಾದ ಉಪಕರಣ ಊರಿನ ಮೆಕ್ಯಾನಿಕ್‌ಗಳ ಬಳಿ ಸಾಮಾನ್ಯವಾಗಿ ಇರುವುದಿಲ್ಲ.

ಪೆಟ್ಟಿಗೆಯೇ ಕೆಟ್ಟಿದೆಯೆಂದು ಖಚಿತಪಡಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಸಿ5 ಮಾಲೀಕರನ್ನು ಕಾಡುವ ‘ಸಿ1214’ ಎಂಬ ದೋಷಸಂಕೇತ ಮಾಡ್ಯೂಲಿನ ಒಳಗಿನ ರಿಲೇಯತ್ತ ಬೆರಳು ಮಾಡುತ್ತದೆ. ಆದರೆ ಸಡಿಲವಾದ ಅರ್ಥಿಂಗ್ ತಂತಿ, ಸೋತ ಬ್ಯಾಟರಿಯಿಂದಲೂ ಅದೇ ಸಂಕೇತ ಬರಬಹುದು. ನೂರು ರೂಪಾಯಿಯ ತಂತಿಯ ದೋಷಕ್ಕೆ ಸಾವಿರಾರು ರೂಪಾಯಿಯ ಪೆಟ್ಟಿಗೆ ಕೊಂಡವರು ಎಲ್ಲ ದೇಶಗಳಲ್ಲೂ ಇದ್ದಾರೆ. ಸಿ5ರ ಒಂದು ಗುಣವನ್ನು ಇಲ್ಲಿ ಮೆಚ್ಚಲೇಬೇಕು. ಡ್ಯಾಶ್‌ಬೋರ್ಡಿನ ಗುಂಡಿಗಳನ್ನು ಒತ್ತಿ ಮಾಲೀಕನೇ ಬ್ರೇಕಿನ ದೋಷಸಂಕೇತವನ್ನು ಓದಬಹುದು. 1996ರಿಂದ ಅಮೆರಿಕದಲ್ಲಿ ಕಡ್ಡಾಯವಾದ ಒಬಿಡಿ-2 ವ್ಯವಸ್ಥೆ ಹೊಗೆಗೆ ಸಂಬಂಧಿಸಿದ ದೋಷಗಳನ್ನು ಮಾತ್ರ ಎಲ್ಲರಿಗೂ ತೆರೆದಿಟ್ಟಿತು. ಬ್ರೇಕಿನ ಭಾಷೆ ಕಂಪನಿಗಳ ಗುಟ್ಟಾಗಿಯೇ ಉಳಿಯಿತು. ಕಾರು ಹೊಸದಾದಂತೆ ಮಾಲೀಕನ ಅರಿವು ಕುಗ್ಗುತ್ತ ಬಂದಿದೆ.

ಕಾನೂನು ಎಲ್ಲಿಯವರೆಗೆ ಬಂದಿದೆ? ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ದುರಸ್ತಿಯ ಹಕ್ಕಿಗೆ ಭಾರೀ ಬಹುಮತ ನೀಡಿದರು: ಅಧಿಕೃತ ಮಾರಾಟಗಾರರಿಗೆ ಕೊಡುವ ದುರಸ್ತಿ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ಕೊಡಬೇಕು. 2020ರಲ್ಲಿ ಕಾರಿನಿಂದ ನಿಸ್ತಂತುವಾಗಿ ಹರಿಯುವ ಮಾಹಿತಿಗೂ ಆ ಹಕ್ಕನ್ನು ವಿಸ್ತರಿಸಿದರು. ಆದರೆ ಈ ಹಕ್ಕು ಮಾಹಿತಿಯ ಹಕ್ಕು. ತಯಾರಿಕೆಯೇ ನಿಂತ ಪೆಟ್ಟಿಗೆಯನ್ನು ಅದು ಸೃಷ್ಟಿಸಲಾರದು. ಸಿ5 ಮಾಲೀಕರು ಇಂದು ಅವಲಂಬಿಸಿರುವುದು ಗುಜರಿ ಅಂಗಡಿಗಳನ್ನು, ಮತ್ತು ಪೆಟ್ಟಿಗೆ ಬಿಚ್ಚಿ ಬಿರುಕುಬಿಟ್ಟ ಬೆಸುಗೆಯನ್ನು ಮತ್ತೆ ಹಾಕಿಕೊಡುವ ಸಣ್ಣ ದುರಸ್ತಿಗಾರರನ್ನು.

ಭಾರತವೂ ಈ ವಿಷಯದಲ್ಲಿ ಹಿಂದುಳಿದಿಲ್ಲ, ಕಾಗದದ ಮಟ್ಟಿಗೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗಿಂತ ಹೆಚ್ಚು ದಂಡ ವಿಧಿಸಿತು. ಬಿಡಿಭಾಗಗಳನ್ನೂ ದೋಷಪತ್ತೆಯ ಉಪಕರಣಗಳನ್ನೂ ಮುಕ್ತ ಮಾರುಕಟ್ಟೆಗೆ ಬಿಡದಿದ್ದುದೇ ಅಪರಾಧ. ಪ್ರಕರಣ ಮೇಲ್ಮನವಿಗಳ ದಾರಿ ಹಿಡಿಯಿತು. 2022ರ ಡಿಸೆಂಬರ್ 24ರಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಅದರ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು. ಪೋರ್ಟಲ್ ಮಾಹಿತಿ ನೀಡುತ್ತದೆ. ಕೊಡದವರನ್ನು ಅದು ಕಟ್ಟಿಹಾಕುವುದಿಲ್ಲ.

ಬ್ರೇಕಿನ ತಂತ್ರಾಂಶವನ್ನು ಯಾರೆಂದರವರು ಮುಟ್ಟಬಾರದೆಂಬ ಕಂಪನಿಗಳ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಪರೀಕ್ಷೆಯಿಲ್ಲದ ಬೆಸುಗೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯಲು ನಾವೂ ಸಿದ್ಧರಿಲ್ಲ. ಆದರೆ ಆ ವಾದ ಮಾಡುವವರು ಬಿಡಿಭಾಗವನ್ನು ಪೂರೈಸುತ್ತಿರಬೇಕು. ಪೂರೈಕೆ ನಿಲ್ಲಿಸಿದ ದಿನವೇ ಅದರ ನಕ್ಷೆ, ಹೊಂದಾಣಿಕೆಯ ಪಟ್ಟಿ, ಮಾಪನಾಂಕಗಳನ್ನು ಪರವಾನಗಿ ಪಡೆದ ಇತರ ತಯಾರಕರಿಗೆ ಒಪ್ಪಿಸುವ ಕರಾರು ಬೇಕು. ಹೊಸೂರಿನ ಕೈಗಾರಿಕಾ ಪ್ರದೇಶದಲ್ಲಿ ವಾಹನದ ಬಿಡಿಭಾಗ ತಯಾರಿಸಬಲ್ಲ ಕೈಗಳಿಗೆ ಬರವಿಲ್ಲ, ಅವುಗಳಲ್ಲಿ ಕನ್ನಡದ ಕೈಗಳೂ ಇವೆ. ಎಬಿಎಸ್ ಕಡ್ಡಾಯ ಮಾಡಿದ ಸರಕಾರ, ಅದು ಎಷ್ಟು ವರ್ಷ ದುರಸ್ತಿಗೆ ಸಿಗಬೇಕೆಂಬುದನ್ನೂ ಅದೇ ನಿಯಮದಲ್ಲಿ ಬರೆಯಬಹುದು.