ಪೆಟ್ಟಿಗೆಯೊಳಗಿನ ಬೇಸಿಗೆ



ಸೊಲ್ಲಾಪುರದ ಬೇಸಿಗೆಯನ್ನು ಇಲ್ಲಿಯವರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಏಪ್ರಿಲ್-ಮೇ ತಿಂಗಳುಗಳಲ್ಲಿ ಹೊರಗೆ 40 ಡಿಗ್ರಿ ಮೀರಿದ ಬಿಸಿಲು, ಒಳಗೆ ತಗಡಿನ ಮಾಡಿನ ಕೆಳಗೆ ಕಾದ ಗಾಳಿ. ನಾವು ಮಜ್ಜಿಗೆ ಕುಡಿದು, ಒದ್ದೆ ಬಟ್ಟೆ ಹೊದ್ದು ಹೇಗೋ ಹೊತ್ತು ಕಳೆಯುತ್ತೇವೆ. ಆದರೆ ಮನೆಯ ಮೂಲೆಯಲ್ಲಿ ದುಡಿಯುವ ಗಣಕಯಂತ್ರಕ್ಕೂ ಇದೇ ಬೇಸಿಗೆಯುಂಟೆಂಬುದು ಕಳೆದ ವರ್ಷದವರೆಗೆ ನಮ್ಮ ಲಕ್ಷ್ಯಕ್ಕೆ ಬಂದಿರಲಿಲ್ಲ.

ಆ ಯಂತ್ರವನ್ನು ನಮ್ಮ ಅಣ್ಣನ ಮಗನು ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ತಂದು ಸ್ವಂತ ಕೈಯಿಂದ ಜೋಡಿಸಿದ್ದನು. ನಮ್ಮ ತಾಯಿಯವರು ತೀರಿಕೊಳ್ಳುವ ಮೊದಲು ಹಾಡಿದ್ದ ಸೋಬಾನೆ ಪದಗಳೂ ಬೀಸುವ ಪದಗಳೂ ಒಂದು ಹಳೆಯ ಮೊಬೈಲಿನಲ್ಲಿ ಮಾತ್ರ ಉಳಿದಿದ್ದವು. ಆ ಮೊಬೈಲಾದರೋ ಇಂದೋ ನಾಳೆಯೋ ಎಂಬ ಸ್ಥಿತಿಯಲ್ಲಿತ್ತು. ಪದಗಳನ್ನು ಗಣಕಯಂತ್ರದ ಮೂಲಕ ಹೊರಗಿನ ಡಿಸ್ಕಿಗೆ ಇಳಿಸಿಕೊಳ್ಳಲು ಮಧ್ಯಾಹ್ನ ಕುಳಿತರೆ, ಅರ್ಧಕ್ಕೆ ಬರುವಷ್ಟರಲ್ಲಿ ಡಿಸ್ಕು ತೆರೆಯಿಂದ ಮಾಯವಾಗುತ್ತಿತ್ತು. ಮೂರು ದಿನ ಹೀಗೆಯೇ ಆಯಿತು. ಅಂಗಡಿಯವರನ್ನು ಕೇಳಿದಾಗ, ಮದರ್‌ಬೋರ್ಡು ಕೆಟ್ಟಿದೆ, ಹೊಸದನ್ನೇ ಹಾಕಿಸಬೇಕೆಂದು ತೀರ್ಪು ಕೊಟ್ಟರು.

ಹುಡುಗನು ಒಂದು ಮಾತು ಹೇಳಿದನು: "ಕಾಕಾ, ಮುಂಜಾನೆ ಬರೋಬ್ಬರಿ ನಡೀತದ, ಮಧ್ಯಾಹ್ನ ಅಷ್ಟ ಕೈ ಕೊಡತದ. ಬೋರ್ಡು ಸತ್ತಿದ್ರ ಮುಂಜಾನೆನೂ ಸಾಯಬೇಕಿತ್ತಲ್ಲ?" ರೋಗದ ಮೂಲ ಆ ಮಾತಿನಲ್ಲಿಯೇ ಇತ್ತು.

ಮದರ್‌ಬೋರ್ಡಿನ ಮೇಲೆ ಚಿಪ್‌ಸೆಟ್ ಎಂಬ ಒಂದು ಭಾಗವಿರುತ್ತದೆ. ಪ್ರೊಸೆಸರು ಮನೆಯ ಯಜಮಾನನಾದರೆ ಇದು ಬಾಗಿಲಲ್ಲಿ ಕುಳಿತ ಕಾರಭಾರಿ. ಯುಎಸ್‌ಬಿ ತೂತುಗಳು, ಡಿಸ್ಕುಗಳು ಮೊದಲಾದವುಗಳ ವ್ಯವಹಾರದ ಬಹುಪಾಲು ಇದರ ಮೂಲಕವೇ ಸಾಗುತ್ತದೆ. ಹಿಂದೆ ಇಂಥವು ಎರಡಿರುತ್ತಿದ್ದವು. ಸ್ಮೃತಿಯನ್ನು ನೋಡಿಕೊಳ್ಳುವ ಹೊಣೆಯನ್ನು ಎಎಮ್‌ಡಿ ಸಂಸ್ಥೆಯು 2003ರಲ್ಲಿಯೂ ಇಂಟೆಲ್ ಸಂಸ್ಥೆಯು 2008ರಲ್ಲಿಯೂ ಪ್ರೊಸೆಸರಿನೊಳಗೆ ಸೇರಿಸತೊಡಗಿದ ಮೇಲೆ ಕ್ರಮೇಣ ಒಂದೇ ಉಳಿಯಿತು. ಇದು ಸಾಮಾನ್ಯವಾಗಿ ಕೆಲವೇ ವಾಟ್ ಉಷ್ಣವನ್ನು ಬಿಡುವುದರಿಂದ ಮೇಲೊಂದು ಲೋಹದ ತಟ್ಟೆಯಿದ್ದರೆ ಸಾಕಾಗುತ್ತದೆ. ಆದರೆ 2019ರಲ್ಲಿ ಬಂದ ಎಕ್ಸ್570 ಎಂಬ ಚಿಪ್‌ಸೆಟ್ ಹೆಚ್ಚು ಕಾಯುತ್ತಿದ್ದುದರಿಂದ ಆ ಬಗೆಯ ಬಹುತೇಕ ಬೋರ್ಡುಗಳಿಗೆ ಪುಟ್ಟ ಫ್ಯಾನನ್ನೂ ಜೋಡಿಸಿದರು. ನಮ್ಮದು ಅದೇ ಬಗೆಯದು.

ಉಷ್ಣವನ್ನು ಓದುವ ಕ್ರಮವೊಂದಿದೆ. ಪೆಟ್ಟಿಗೆಯ ಫ್ಯಾನು ಎಷ್ಟೇ ತಿರುಗಿದರೂ ಚಿಪ್ಪನ್ನು ಕೋಣೆಗಿಂತ ತಂಪು ಮಾಡಲಾರದು. ಆದ್ದರಿಂದ ಚಿಪ್ಪಿನ ಅಂಕಿಯೊಂದನ್ನೇ ನೋಡದೆ, ಅದರಿಂದ ಕೋಣೆಯ ಅಂಕಿಯನ್ನು ಕಳೆದು ನೋಡಬೇಕು. ಹೆಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶವು ಅನೇಕ ಬೋರ್ಡುಗಳಲ್ಲಿ ಚಿಪ್‌ಸೆಟ್ಟಿನ ತಾಪವನ್ನು ತೋರಿಸುತ್ತದೆ, ಗೋಡೆಗೊಂದು ಉಷ್ಣಮಾಪಕವಿದ್ದರಾಯಿತು. ನಮ್ಮಲ್ಲಿ ಮುಂಜಾನೆ ಕೋಣೆ 28, ಚಿಪ್‌ಸೆಟ್ 84. ಮಧ್ಯಾಹ್ನ ಕೋಣೆ 40, ಚಿಪ್‌ಸೆಟ್ 96. ಅಂತರ ಎರಡು ಹೊತ್ತೂ 56 ಡಿಗ್ರಿಯೇ. ಅಂದಮೇಲೆ ಯಂತ್ರದ ದೋಷ ದಿನವಿಡೀ ಇತ್ತು. ಮಧ್ಯಾಹ್ನದ ಬಿಸಿಲು ಅದನ್ನು ಬಯಲಿಗೆಳೆಯಿತು, ಅಷ್ಟೇ. ಸಾಮಾನ್ಯವಾಗಿ 60-70 ಡಿಗ್ರಿ ಕಂಡರೆ ಗಾಬರಿಪಡಬೇಕಾಗಿಲ್ಲ. 90ರ ಸುತ್ತಮುತ್ತ ಸುಳಿದರೆ ಕಾರಣವನ್ನು ಹುಡುಕಲೇಬೇಕು. ಬೆರಳಿಟ್ಟು ಪರೀಕ್ಷಿಸುವುದು ಸಲ್ಲದು. 60 ಡಿಗ್ರಿಯ ಲೋಹವೇ ಕೈ ಸುಡುತ್ತದೆ.

ಕಾರಣವನ್ನು ಅರಿಯಲು ಪೆಟ್ಟಿಗೆಯ ಪಕ್ಕದ ಹಲಗೆಯನ್ನು ತೆಗೆದಿಟ್ಟು ಅರ್ಧ ಗಂಟೆ ನಡೆಸಿ ನೋಡಬೇಕು. ತಾಪವು ಗಣನೀಯವಾಗಿ ಇಳಿದರೆ ಗಾಳಿಯ ದಾರಿ ಕಟ್ಟಿದೆಯೆಂದು ತಿಳಿಯಬೇಕು. ಇಳಿಯದಿದ್ದರೆ ದೋಷವು ಚಿಪ್ಪಿನ ಬಳಿಯೇ ಇರುವ ಸಂಭವ ಹೆಚ್ಚು. ಪರೀಕ್ಷೆ ಮುಗಿದೊಡನೆ ಹಲಗೆಯನ್ನು ಮುಚ್ಚಬೇಕು. ಧೂಳಿಗೂ ಹಲ್ಲಿಗೂ ಮಕ್ಕಳ ಕೈಗೂ ಅದು ತೆರೆದಿರಬಾರದು.

ನಮ್ಮಲ್ಲಿ ಎರಡೂ ದೋಷಗಳಿದ್ದವು. ನೆರೆಯ ವಿದ್ಯುತ್ ಮಗ್ಗಗಳಿಂದ ಹಾರಿಬರುವ ಹತ್ತಿಯ ಧೂಳು ಮುಂದಿನ ಜಾಲರಿಗೆ ಕಂಬಳಿಯಂತೆ ಹೊದೆದುಕೊಂಡಿತ್ತು. ಅದೇ ಎಳೆಗಳು ಸುತ್ತಿಕೊಂಡು ಚಿಪ್‌ಸೆಟ್ಟಿನ ಪುಟ್ಟ ಫ್ಯಾನು ನಿಂತೇಹೋಗಿತ್ತು. ಸಾಲದ್ದಕ್ಕೆ ಗ್ರಾಫಿಕ್ಸ್ ಕಾರ್ಡು ತನ್ನ ಬಿಸಿಯನ್ನು ಅದರ ಮೇಲೆಯೇ ಸುರಿಯುತ್ತಿತ್ತು.

ಯಂತ್ರವನ್ನು ನಿಲ್ಲಿಸಿ, ತಂತಿಯನ್ನು ಕಿತ್ತು, ಮೈಯಲ್ಲಿರಬಹುದಾದ ಸ್ಥಿರವಿದ್ಯುತ್ತು ಕಳೆಯಲು ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಹುಡುಗನು ಮೆತ್ತನೆಯ ಕುಂಚದಿಂದ ಧೂಳನ್ನು ತೆಗೆದನು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಗೋಡೆಗೆ ಒತ್ತಿದ್ದ ಪೆಟ್ಟಿಗೆಯನ್ನು ಒಂದು ಗೇಣು ಮುಂದಕ್ಕೆಳೆದು, ಮುಂದಿನಿಂದ ತಂಪು ಒಳಬಂದು ಹಿಂದಿನಿಂದ ಬಿಸಿ ಹೊರಹೋಗುವಂತೆ ಫ್ಯಾನುಗಳನ್ನು ಸರಿಪಡಿಸಿದೆವು. ಮರುದಿನ ಮಧ್ಯಾಹ್ನ ಕೋಣೆ 40, ಚಿಪ್‌ಸೆಟ್ 68. ಅಂತರವು ಅರ್ಧಕ್ಕಿಳಿದಿತ್ತು. ಖರ್ಚು ಒಂದು ಕುಂಚದ್ದು ಮಾತ್ರ.

ಲೋಹದ ತಟ್ಟೆಯ ಕೆಳಗಿನ ಮೆತ್ತೆ ಒಣಗಿದ್ದರೆ ಅದನ್ನು ಬದಲಿಸಬೇಕಾಗುತ್ತದೆ. ಆದರೆ ಹೊಸ ಮೆತ್ತೆಯ ದಪ್ಪ ಹಳೆಯದರಷ್ಟೇ ಇರಬೇಕು; ಬೋರ್ಡನ್ನು ಹೊರತೆಗೆಯಬೇಕಾಗಿ ಬರುವುದರಿಂದ ಅನುಭವಿಗಳ ಕೈಗೇ ಕೊಡುವುದು ಲೇಸು. ವಾರಂಟಿಯಿದ್ದರೆ ಮೊದಲು ಅದನ್ನು ವಿಚಾರಿಸಬೇಕು. ನೀರಿನ ಕೂಲರಿನ ಒದ್ದೆ ಗಾಳಿಯನ್ನು ಮಾತ್ರ ಯಂತ್ರದ ಮೇಲೆ ನೇರವಾಗಿ ಬಿಡಬಾರದು.

ಒಂದು ಮಾತನ್ನು ಕೊನೆಗೆ ಉಳಿಸಿಕೊಂಡಿದ್ದೇವೆ. ದುರಸ್ತಿಗೆ ಕೈಹಾಕುವ ಮುನ್ನ, ಮುಂಜಾನೆ ಐದು ಗಂಟೆಯ ತಂಪಿನಲ್ಲಿ, ತಾಯಿಯವರ ಪದಗಳಷ್ಟನ್ನೂ ಎರಡು ಡಿಸ್ಕುಗಳಿಗೆ ಇಳಿಸಿಕೊಂಡೆವು. ಮದರ್‌ಬೋರ್ಡು ಅಂಗಡಿಯಲ್ಲಿ ಸಿಗುತ್ತದೆ. ಆ ಧ್ವನಿ ಸಿಗುವುದಿಲ್ಲ. ಯಂತ್ರ ಮುನಿದಾಗ ಮೊದಲು ಅದರೊಳಗಿನದನ್ನು ಕಾಪಾಡಿಕೊಳ್ಳಿರಿ, ಆಮೇಲೆ ಯಂತ್ರವನ್ನು. ಬೇಸಿಗೆ ಬರುವ ಮೊದಲೇ, ಹೋಳಿ ಹುಣ್ಣಿಮೆಯ ಹೊತ್ತಿಗೆ, ಒಮ್ಮೆ ಪೆಟ್ಟಿಗೆ ತೆರೆದು ಧೂಳು ಒರೆಸುವ ರೂಢಿಯನ್ನು ನಮ್ಮ ಮನೆಯಲ್ಲಿ ಹಾಕಿಕೊಂಡಿದ್ದೇವೆ. ತಮ್ಮ ಮನೆಗಳಲ್ಲಿಯೂ ಅದು ನಡೆಯಲೆಂದು ಹಾರೈಸುತ್ತೇವೆ.