ಬಲೆ ಬೀಳದ ಕಡಲು

ಮಳೆಗಾಲದ ಮೊದಲ ವಾರಗಳಲ್ಲಿ ಮುಂಬಯಿಯ ಮೀನು ಮಾರುಕಟ್ಟೆಗೆ ಹೋದವರಿಗೆ ಬೆಲೆ ಏಕೆ ಏರಿತೆಂದು ಯಾರೂ ವಿವರಿಸಬೇಕಾಗಿಲ್ಲ. ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳು ದಡದಲ್ಲಿ ನಿಂತಿರುತ್ತವೆ. ಚೆನ್ನೈಯಲ್ಲಿರುವ ನಮ್ಮವರು ಏಪ್ರಿಲ್ ನಡುವಿನಿಂದಲೇ ಈ ಬಿಡುವನ್ನು ಕಾಣುತ್ತಾರೆ. ಮೀನು ಸಂತಾನ ಬೆಳೆಸುವ ಹೊತ್ತಿನಲ್ಲಿ ಬಲೆ ಬೀಸಬಾರದೆಂಬ ವಿವೇಕ ನಮಗೆ ಪರಿಚಿತ. ಆದರೆ ಒಮ್ಮೆಯೂ ಬಲೆ ಬೀಸುವ ಮೊದಲೇ ಒಂದು ವಿಶಾಲ ಕಡಲಿಗೆ ಬಿಡುವು ಕೊಟ್ಟ ನಿದರ್ಶನ ಅಪರೂಪ. ಉತ್ತರ ಧ್ರುವದ ಸುತ್ತ ಅದು ನಡೆದಿದೆ.

2018ರ ಅಕ್ಟೋಬರ್ 3ರಂದು ಗ್ರೀನ್‌ಲ್ಯಾಂಡಿನ ಇಲುಲಿಸ್ಸಾಟ್ ಪಟ್ಟಣದಲ್ಲಿ ಒಂಬತ್ತು ದೇಶಗಳೂ ಐರೋಪ್ಯ ಒಕ್ಕೂಟವೂ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಆರ್ಕ್ಟಿಕ್ ಸಾಗರದ ನಡುವೆ, ಯಾವ ದೇಶಕ್ಕೂ ಸೇರದ ಸುಮಾರು 28 ಲಕ್ಷ ಚದರ ಕಿಲೋಮೀಟರ್ ಕಡಲಿನಲ್ಲಿ 16 ವರ್ಷಗಳ ಕಾಲ ವಾಣಿಜ್ಯ ಮೀನುಗಾರಿಕೆ ಕೂಡದು ಎಂಬುದು ಅದರ ತಿರುಳು. 2021ರ ಜೂನ್‌ನಿಂದ ಅದು ಜಾರಿಯಲ್ಲಿದೆ. ಅಮೆರಿಕ, ರಷ್ಯಾ, ಚೀನಾ, ಜಪಾನ್ ಒಂದೇ ಮೇಜಿನ ಸುತ್ತ ಕುಳಿತು ಒಪ್ಪಿದ ಮಾತಿದು.

ಇಲ್ಲದ ಮೀನುಗಾರಿಕೆಗೆ ನಿಷೇಧವೇಕೆ ಎಂದು ಕೇಳುವವರುಂಟು. ಉತ್ತರ ಬೇರಿಂಗ್ ಕಡಲಿನಲ್ಲಿದೆ. ಅಲ್ಲಿಯೂ ನಡುವೆ ಯಾರಿಗೂ ಸೇರದ ಒಂದು ಭಾಗವಿದೆ. 1980ರ ದಶಕದಲ್ಲಿ ಹಲವು ದೇಶಗಳ ಹಡಗುಗಳು ಅಲ್ಲಿನ ಪೊಲಾಕ್ ಮೀನನ್ನು ಬಾಚಿಕೊಂಡವು. 1994ರಲ್ಲಿ ಒಪ್ಪಂದವಾಗುವ ಹೊತ್ತಿಗೆ ಮೀನೇ ಬರಿದಾಗಿತ್ತು. ಆ ಮೀನುಗಾರಿಕೆ ಇಂದಿಗೂ ಮತ್ತೆ ಆರಂಭವಾಗಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕತೆಯದು.

ಧ್ರುವದ ಕಡಲಿನಲ್ಲಿ ಪಣಕ್ಕಿರುವುದು ಮೀನಷ್ಟೇ ಅಲ್ಲ. ಹಿಮಗಡ್ಡೆಯ ತಳದಲ್ಲಿ ಪಾಚಿ ಬೆಳೆಯುತ್ತದೆ, ಅದನ್ನು ಕಿರುಜೀವಿಗಳು ತಿನ್ನುತ್ತವೆ, ಅವುಗಳಿಂದ ಗೇಣುದ್ದದ ಧ್ರುವ ಕಾಡ್ ಮೀನು ಬದುಕುತ್ತದೆ. ಅದರ ಮರಿಗಳಿಗೆ ಆ ಹಿಮವೇ ಮನೆಯ ಮಾಡು. ಸೀಲ್‌ಗಳು, ಬೆಲೂಗಾ ತಿಮಿಂಗಿಲಗಳು, ಕಡಲಹಕ್ಕಿಗಳು ಈ ಪುಟ್ಟ ಮೀನನ್ನು ನಂಬಿವೆ. ಸೀಲ್‌ಗಳನ್ನು ಹಿಮಕರಡಿ ನಂಬಿದೆ. ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗುತ್ತಿರುವ ಆ ಪ್ರದೇಶದಲ್ಲಿ ಮಾಡು ಕರಗುತ್ತಿದೆ. ಹಡಗಿಗೆ ದಾರಿ ತೆರೆಯುವುದೂ ಮೀನಿಗೆ ನೆಲೆ ತಪ್ಪುವುದೂ ಒಂದೇ ಕಾರಣದಿಂದ.

ಆದ್ದರಿಂದಲೇ ಬಲೆಯನ್ನು ತಡೆದರಷ್ಟೇ ಸಾಲದು ಎನ್ನುತ್ತೇವೆ. ಪೂರ್ವ ಬೇರಿಂಗ್ ಕಡಲಿನಲ್ಲಿ 2018ರ ಬಳಿಕ ಸಾವಿರ ಕೋಟಿಗೂ ಹೆಚ್ಚು ಹಿಮ ಏಡಿಗಳು ಇಲ್ಲವಾದವು. 2022ರಲ್ಲಿ ಆ ಏಡಿ ಬೇಟೆಯನ್ನು ಮೊತ್ತಮೊದಲ ಬಾರಿಗೆ ನಿಲ್ಲಿಸಲಾಯಿತು. ವಿಜ್ಞಾನಿಗಳು ಬೆರಳು ತೋರಿದ್ದು ಬಲೆಯತ್ತ ಅಲ್ಲ, ಬೆಚ್ಚಗಾದ ನೀರಿನತ್ತ: ಬಿಸಿ ಏರಿದಷ್ಟೂ ಏಡಿಯ ಹಸಿವು ಏರಿತು, ಆಹಾರ ಸಾಲದೆ ಅವು ಸತ್ತವು. ಯೂಕಾನ್ ನದಿಯಲ್ಲಿ ಚಿನೂಕ್ ಸಾಲ್ಮನ್ ಕ್ಷೀಣಿಸಿದ್ದರಿಂದ 2024ರಲ್ಲಿ ಅಲಾಸ್ಕಾ ಮತ್ತು ಕೆನಡಾ ಏಳು ವರ್ಷ ಅದನ್ನು ಹಿಡಿಯದಿರಲು ನಿರ್ಧರಿಸಿದವು. ತಲೆತಲಾಂತರದಿಂದ ಆ ಮೀನನ್ನೇ ಉಂಡು ಬಾಳಿದ ಮೂಲನಿವಾಸಿಗಳು ಈಗ ಖಾಲಿ ಬಲೆಯನ್ನು ಮಡಚಿಟ್ಟಿದ್ದಾರೆ. ಭೂಮಿಯನ್ನು ಬಿಸಿ ಮಾಡಿದವರಲ್ಲಿ ಅವರ ಪಾಲು ಅತ್ಯಲ್ಪ. ಸಂರಕ್ಷಣೆಯ ಉಪವಾಸ ಮಾತ್ರ ಅವರದು. ಈ ಅನ್ಯಾಯವನ್ನು ಮರೆಮಾಚಿದ ಸಂರಕ್ಷಣೆ ಅರೆಬರೆಯದು.

ನಮಗೂ ಇದರಲ್ಲಿ ಪಾತ್ರವಿದೆ. 2008ರಿಂದ ಸ್ವಾಲ್ಬಾರ್ಡ್‌ನಲ್ಲಿ ಭಾರತದ ಸಂಶೋಧನಾ ಕೇಂದ್ರ ‘ಹಿಮಾದ್ರಿ’ಯಿದೆ, 2013ರಿಂದ ಭಾರತ ಆರ್ಕ್ಟಿಕ್ ಮಂಡಳಿಯ ವೀಕ್ಷಕ ದೇಶ. ಆದರೂ ಇಲುಲಿಸ್ಸಾಟ್ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ನಾವಿಲ್ಲ. ನಿಜವಾದ ಆಸಕ್ತಿಯುಳ್ಳ ಇತರ ದೇಶಗಳನ್ನು ಆಹ್ವಾನಿಸಲು ಅದರಲ್ಲಿ ಅವಕಾಶವಿದೆ. ಅಲ್ಲಿ ಹಿಡಿಯುವ ಮೀನಿನ ಮೇಲೆ ನಮಗೆ ಆಸೆಯಿಲ್ಲ ಎಂದಾದರೆ, ಸೇರಲು ಅಡ್ಡಿಯೇನು? ಕೇಂದ್ರ ಸರ್ಕಾರ ಆ ಬಾಗಿಲನ್ನು ತಟ್ಟಬೇಕೆಂಬುದು ನಮ್ಮ ಅಭಿಪ್ರಾಯ.

2037ಕ್ಕೆ ಮೊದಲ ಅವಧಿ ಮುಗಿಯುತ್ತದೆ. ಯಾರೂ ಆಕ್ಷೇಪಿಸದಿದ್ದರೆ ಐದೈದು ವರ್ಷ ಮುಂದುವರಿಯುತ್ತದೆ. ಒಂದೇ ದೇಶ ಬೇಡವೆಂದರೂ ಸಾಕು, ನಿಂತುಹೋಗುತ್ತದೆ. ಅಷ್ಟರಲ್ಲಿ ಹಿಮ ಇನ್ನಷ್ಟು ಸರಿದಿರುತ್ತದೆ, ಆಸೆ ಇನ್ನಷ್ಟು ಬೆಳೆದಿರುತ್ತದೆ. ಆ ದಿನ ಬೇಡವೆನ್ನಲು ಯಾವ ದೇಶಕ್ಕೂ ಧೈರ್ಯ ಬಾರದಂತೆ ಲೋಕಾಭಿಪ್ರಾಯ ಮೂಡಿಸುವ ಕೆಲಸ ಈಗಲೇ ಆಗಬೇಕು.